ಮಳೆಗಾಲ ಕಳೆದ ಮೇಲೆ ಗುರಿ ತಪ್ಪುವ .22 ರೈಫಲ್: ದೋಷ ಎಲ್ಲಿಂದ ಹುಡುಕಬೇಕು?

ಕಳೆದ ಅಕ್ಟೋಬರ್‌ನಲ್ಲಿ ಮಳೆ ಸ್ವಲ್ಪ ಬಿಟ್ಟಿತು ಅಂತ ನನ್ನ .22 ರೈಫಲ್, ಅಂದರೆ ನಳಿಗೆಯ ತೂತು ಸುಮಾರು 0.22 ಇಂಚು ಇರುವ ರೈಫಲ್, ಹಿಡಿದುಕೊಂಡು ಶೂಟಿಂಗ್ ರೇಂಜಿಗೆ ಹೋದೆ. ಮೇ ತಿಂಗಳಲ್ಲಿ ಇದೇ ರೈಫಲ್ 50 ಮೀಟರಿನಲ್ಲಿ ಐದು ಗುಂಡುಗಳನ್ನು ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂರಿಸುತ್ತಿತ್ತು. ಆ ದಿನ ನೋಡಿದರೆ ಐದು ತೂತುಗಳು ಚಹಾ ಲೋಟದ ಬಾಯಿಯಷ್ಟು ಅಗಲಕ್ಕೆ ಹರಡಿದ್ದವು. ಪಕ್ಕದಲ್ಲಿ ಮಲಗಿದ್ದ ಹುಡುಗ, ನನ್ನ ಹಳೆಯ ಶಿಷ್ಯನೇ, ದುರ್ಬೀನಿನಲ್ಲಿ ಕಾಗದ ನೋಡಿ "ಎಂತ ಮಾಷ್ಟ್ರೇ, ಕನ್ನಡಕ ಬದಲಿಸ್ಬೇಕಾ?" ಅಂದ.

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದೆ. ಸ್ಕೋಪನ್ನು ನಾಲ್ಕು ಕ್ಲಿಕ್ ತಿರುಗಿಸಿದೆ. ತೋಟೆ ಬದಲಿಸಿದೆ. ನಳಿಗೆಯೊಳಗೆ ಬ್ರಷ್ ಹಾಕಿ ಎಳೆದಾಡಿದೆ. ಮತ್ತೆ ಸ್ಕೋಪ್ ತಿರುಗಿಸಿದೆ. ಅರವತ್ತು ತೋಟೆ ಖರ್ಚಾಯಿತು. ಸಂಜೆ ಮನೆಗೆ ಬರುವಾಗ ಯಾವುದು ಮೊದಲಿನ ದೋಷ, ಯಾವುದು ನಾನೇ ಮಾಡಿದ ದೋಷ ಅಂತ ಗೊತ್ತಾಗದಂತೆ ಎಲ್ಲ ಕಲಸಿಹೋಗಿತ್ತು. ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ತೋಟೆ ಅಂತ ಬರೆದಿರುವವರಿಗೆ ಈ ಅರವತ್ತರ ಬೆಲೆ ಗೊತ್ತು.

ಆಮೇಲೆ ಎರಡು ವಾರ ಒಂದೊಂದೇ ನೋಡುತ್ತಾ ಹೋದೆ. ಕೊನೆಗೆ ಸಿಕ್ಕಿದ ಕಾರಣ ನೋಡಿ ನಗು ಬಂತು. ಕಾಸರಗೋಡಿನ ಮಳೆಗೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ಲವಾ, ಅದೇ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗುರಿ ಕೆಟ್ಟಿತು ಅಂದ ಕೂಡಲೇ ಎಲ್ಲರೂ ನಳಿಗೆಯನ್ನೇ ದೂರುತ್ತಾರೆ. ನನ್ನ ಅನುಭವದಲ್ಲಿ ನಳಿಗೆ ಕಡೆಯ ಆರೋಪಿ. ಹೊರಗಿನಿಂದ ಒಳಗೆ ಹುಡುಕಬೇಕು: ಮೊದಲು ಸ್ಕ್ರೂ, ಆಮೇಲೆ ಮರ (ನಳಿಗೆ ಕೂರುವ ಮರದ ಹಿಡಿ), ಆಮೇಲೆ ಬೋಲ್ಟ್ (ತೋಟೆಯ ಹಿಂದೆ ಮುಚ್ಚಿಕೊಳ್ಳುವ, ಹಿಂದೆ ಮುಂದೆ ಸರಿಯುವ ಭಾಗ), ಆಮೇಲೆ ತೋಟೆ, ಎಲ್ಲ ಮುಗಿದ ಮೇಲೆ ನಳಿಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಯ ನಂತರ ಐದು ಗುಂಡಿನ ಗುಂಪು ಎರಡಾದರೂ ಹೊಡೆದು, ಕಾಗದದ ಮೇಲೆ ತಾರೀಕು, ತೋಟೆಯ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ), ಏನು ಬದಲಿಸಿದೆ ಅನ್ನುವುದನ್ನು ಬರೆದಿಡಿ. ಒಂದೇ ಗುಂಪು ನೋಡಿ ತೀರ್ಮಾನ ಮಾಡಬೇಡಿ. ಕೆಟ್ಟ ರೈಫಲ್ ಕೂಡ ಒಮ್ಮೊಮ್ಮೆ ಒಳ್ಳೆಯ ಗುಂಪು ಕೊಟ್ಟು ಮೋಸ ಮಾಡುತ್ತದೆ.

ಇನ್ನೊಂದು, ಇದನ್ನು ಮಕ್ಕಳಿಗೆ ಹೇಳಿ ಹೇಳಿ ಬಾಯಿಪಾಠ ಆಗಿದೆ. ಕೆಳಗಿನ ಯಾವ ಕೆಲಸಕ್ಕೂ ಮೊದಲು ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ತೆರೆಯಿರಿ, ತೋಟೆ ಕೂರುವ ಚೇಂಬರಿನೊಳಗೆ ಕಣ್ಣು ಹಾಕಿ, ಕಿರುಬೆರಳೂ ಹಾಕಿ ನೋಡಿ. ತೋಟೆಗಳು ಬೇರೆ ಕೋಣೆಯಲ್ಲಿರಲಿ. ಈಗಷ್ಟೇ ನೋಡಿದ್ದೆ ಅನ್ನುವುದು ಲೆಕ್ಕಕ್ಕಿಲ್ಲ. ಕೈಗೆ ಎತ್ತಿಕೊಂಡಾಗಲೆಲ್ಲ ಮತ್ತೆ ನೋಡಿ.

ಕಾಗದ ಏನು ಹೇಳುತ್ತದೆ

ವೈದ್ಯರು ನಾಲಿಗೆ ನೋಡುವ ಹಾಗೆ ನಾವು ಟಾರ್ಗೆಟ್ ಕಾಗದ ನೋಡಬೇಕು. ತೂತುಗಳು ಹೇಗೆ ಹರಡಿವೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಗುಂಪು ಚಿಕ್ಕದೇ ಇದೆ, ಆದರೆ ಜಾಗ ತಪ್ಪಿದೆ ಅಂದರೆ ರೈಫಲ್ ಸರಿ ಇದೆ, ಸೈಟ್ ಸರಿಯಿಲ್ಲ. ಇದು ದೋಷವೇ ಅಲ್ಲ, ಕ್ಲಿಕ್ ತಿರುಗಿಸಿದರೆ ಮುಗಿಯಿತು. ಎರಡು ಚಿಕ್ಕ ಗುಂಪುಗಳು, ನಡುವೆ ಖಾಲಿ ಜಾಗ ಇದ್ದರೆ ಏನೋ ಒಂದು ಸಡಿಲವಾಗಿದೆ. ಸ್ಕೋಪಿನ ರಿಂಗ್ ಇರಬಹುದು, ಮರಕ್ಕೆ ಕೂರಿಸಿದ ಸ್ಕ್ರೂ ಇರಬಹುದು. ಅದು ಎರಡು ಜಾಗದಲ್ಲಿ ಕೂರುತ್ತಿದೆ, ಗುಂಡೂ ಎರಡು ಜಾಗಕ್ಕೆ ಹೋಗುತ್ತಿದೆ.

ಮೇಲೆ ಕೆಳಗೆ ಉದ್ದಕ್ಕೆ ಹರಡಿದ್ದರೆ ಗುಂಡಿನ ವೇಗ ಒಂದೇ ಸಮ ಇಲ್ಲ ಅಂತ ಅನುಮಾನಿಸಿ. ತೋಟೆಯ ಗುಣಮಟ್ಟ ಕಾರಣ ಇರಬಹುದು, ತೋಟೆಗೆ ಬಡಿದು ಕಿಡಿ ಹತ್ತಿಸುವ ಫೈರಿಂಗ್ ಪಿನ್ ಸರಿಯಾಗಿ ಹೊಡೆಯದಿರುವುದೂ ಇರಬಹುದು. ಸಣ್ಣ ಲೆಕ್ಕ ಹಾಕೋಣ. ಸೆಕೆಂಡಿಗೆ 325 ಮೀಟರ್ ವೇಗದ ಗುಂಡು 50 ಮೀಟರ್ ಹೋಗುವಷ್ಟರಲ್ಲಿ ಸುಮಾರು 12 ಸೆಂಟಿಮೀಟರ್ ಕೆಳಗೆ ಇಳಿಯುತ್ತದೆ. ವೇಗ ಸೆಕೆಂಡಿಗೆ 9 ಮೀಟರ್ ಕಡಿಮೆಯಾದರೆ ಇನ್ನೂ 7 ಮಿಲಿಮೀಟರ್ ಇಳಿಯುತ್ತದೆ. 50 ಮೀಟರ್ ರೈಫಲ್ ಸ್ಪರ್ಧೆಯ ಕಾಗದದಲ್ಲಿ ಹತ್ತರ ವೃತ್ತದ ಅಡ್ಡಗಲ ಬರೀ 10.4 ಮಿಲಿಮೀಟರ್. ಈಗ ಗೊತ್ತಾಯಿತಲ್ಲ, ಸಣ್ಣ ವ್ಯತ್ಯಾಸ ಎಷ್ಟು ದೊಡ್ಡದು ಅಂತ.

ಎಡ ಬಲಕ್ಕೆ ಹರಡಿದ್ದರೆ ಗಾಳಿ, ಅಥವಾ ಟ್ರಿಗರ್ ಎಳೆಯುವ ಬೆರಳು. ಮೊದಲ ಗುಂಡು ಮಾತ್ರ ದೂರ, ಉಳಿದವು ಒಟ್ಟಿಗೆ ಅಂದರೆ ನಳಿಗೆಯಲ್ಲಿ ಎಣ್ಣೆ ಉಳಿದಿದೆ. ಹೊಡೆಯುತ್ತಾ ಹೋದ ಹಾಗೆ ತೂತುಗಳು ಒಂದೇ ದಿಕ್ಕಿಗೆ ಮೆಲ್ಲಗೆ ನಡೆದುಕೊಂಡು ಹೋಗುತ್ತಿವೆ ಅಂದರೆ ಬಿಸಿಯಾದ ನಳಿಗೆಯನ್ನು ಯಾವುದೋ ಒತ್ತುತ್ತಿದೆ. ನನ್ನ ಕಾಗದದಲ್ಲಿ ಇದ್ದದ್ದು ಇದೇ. ಬಲಕ್ಕೆ, ಸ್ವಲ್ಪ ಮೇಲಕ್ಕೆ, ಇರುವೆ ಸಾಲಿನ ಹಾಗೆ. ಮೊದಲ ದಿನವೇ ಕಾಗದವನ್ನು ನೆಟ್ಟಗೆ ನೋಡಿದ್ದರೆ ಆ ಅರವತ್ತು ತೋಟೆ ಉಳಿಯುತ್ತಿತ್ತು.

ಕೈಯದ್ದೋ ಕೋವಿಯದ್ದೋ ಅಂತ ಗೊತ್ತಾಗಬೇಕಾದರೆ ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಹೊಡೆಯಿರಿ. ನಳಿಗೆಯನ್ನು ಚೀಲದ ಮೇಲೆ ಇಡಬೇಡಿ, ಮರದ ಭಾಗ ಇಡಿ. ಆಮೇಲೆ ನಿಮಗಿಂತ ಚೆನ್ನಾಗಿ ಹೊಡೆಯುವ ಒಬ್ಬರ ಕೈಗೆ ಕೊಡಿ. ಅವರ ಗುಂಪು ಚಿಕ್ಕದಾಗಿ ಬಂದರೆ ಈ ಬರಹ ಇಲ್ಲಿಗೇ ನಿಲ್ಲಿಸಿ ಅಭ್ಯಾಸ ಜಾಸ್ತಿ ಮಾಡಿ. ಅಂದ ಹಾಗೆ ನನ್ನ ಶಿಷ್ಯನ ಕೈಯಲ್ಲೂ ನನ್ನ ರೈಫಲ್ ಹಾಗೇ ಹರಡಿತು. ಕನ್ನಡಕದ ಮಾತು ಆಮೇಲೆ ಅವನು ಎತ್ತಲಿಲ್ಲ.

ಸ್ಕ್ರೂ, ಮರ, ಮಳೆ

ಸ್ಕ್ರೂಗಳಿಂದ ಶುರು ಮಾಡಿ. ಸ್ಕೋಪಿನ ರಿಂಗ್, ಅದರ ಕೆಳಗಿನ ಮೌಂಟ್, ಹಿಂದಿನ ಸೈಟ್, ಮುಂದಿನ ಸೈಟ್, ಮರಕ್ಕೆ ಕೂರಿಸಿದ ಎರಡು ಸ್ಕ್ರೂ, ಎಲ್ಲವನ್ನೂ ಮುಟ್ಟಿ ನೋಡಿ. ಸರಿಯಾದ ಅಳತೆಯ ಡ್ರೈವರ್ ಬೇಕು. ಮನೆಯ ಮಿಕ್ಸಿ ಬಿಚ್ಚುವ ಸ್ಕ್ರೂ ಡ್ರೈವರ್ ಹಾಕಿ ತಲೆ ಕೆಡಿಸಬೇಡಿ, ಸ್ಕ್ರೂವಿನದ್ದೂ ನಿಮ್ಮದೂ. ಎಷ್ಟು ಬಿಗಿ ಅನ್ನುವುದು ರೈಫಲ್ ಜತೆ ಬಂದ ಪುಸ್ತಕದಲ್ಲಿ ಇರುತ್ತದೆ. ಅಳತೆ ತೋರಿಸುವ ಟಾರ್ಕ್ ಡ್ರೈವರ್ ಕ್ಲಬ್ಬಿನಲ್ಲಿ ಒಂದಿದ್ದರೆ ಎಲ್ಲರಿಗೂ ಸಾಕು. ಬಿಗಿ ಜಾಸ್ತಿಯಾದಷ್ಟೂ ಒಳ್ಳೆಯದು ಅಂತ ಇಲ್ಲ. ಮರ ನಜ್ಜುಗುಜ್ಜಾಗಿ ಮತ್ತೆ ಸಡಿಲವಾಗುತ್ತದೆ.

ನನ್ನ ಸ್ಕ್ರೂಗಳೆಲ್ಲ ಬಿಗಿಯಾಗಿಯೇ ಇದ್ದವು. ಆಗ ನೋಟಿನ ಪರೀಕ್ಷೆ ಮಾಡಿದೆ. ಈಗಿನ ಹೆಚ್ಚಿನ ಟಾರ್ಗೆಟ್ ರೈಫಲ್‌ಗಳಲ್ಲಿ ನಳಿಗೆ ಮರಕ್ಕೆ ತಾಗದೆ ಗಾಳಿಯಲ್ಲಿ ನಿಂತಿರುತ್ತದೆ. ಗುಂಡು ಹಾರುವಾಗ ನಳಿಗೆ ನಡುಗುತ್ತದೆ, ಆ ನಡುಕ ಪ್ರತಿ ಸಲ ಒಂದೇ ರೀತಿ ಇರಬೇಕು ಅಂತ ಈ ಏರ್ಪಾಡು. ಗರಿಯಾದ ನೂರು ರೂಪಾಯಿ ನೋಟನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ, ಮುಂದಿನಿಂದ ಚೇಂಬರಿನ ಕಡೆಗೆ ಎಳೆಯಿರಿ. ಸರಾಗವಾಗಿ ಹೋಗಬೇಕು. ನನ್ನದರಲ್ಲಿ ಮುಂತುದಿಯಿಂದ ನಾಲ್ಕು ಬೆರಳು ಹೋಗುವಷ್ಟರಲ್ಲಿ ಎಡಬದಿಗೆ ಕಚ್ಚಿಕೊಂಡಿತು. ಇನ್ನೂ ಎಳೆದರೆ ಗಾಂಧಿಯೇ ಹರಿದುಹೋಗುವ ಸ್ಥಿತಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಅಕ್ಕಿ ಡಬ್ಬಿಯೂ ಬೆವರುತ್ತದೆ. ಆಟಿ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲದರ ಮೇಲೂ ಬೂಷ್ಟು. ಮರ ಸುಮ್ನೆ ಇರುತ್ತದಾ? ಹೊರಗೆ ಪಾಲಿಶ್ ಇದೆ, ನಿಜ. ನಳಿಗೆ ಕೂರುವ ಒಳಗಿನ ಕಾಲುವೆಯಲ್ಲಿ ಪಾಲಿಶ್ ಇರಲಿಲ್ಲ, ಬರೀ ಮರ. ಅದು ನಾಲ್ಕು ತಿಂಗಳು ನೀರಾವಿ ಕುಡಿದು ಉಬ್ಬಿ, ಒಂದು ಬದಿಗೆ ಬಾಗಿ, ನಳಿಗೆಯನ್ನು ಎಡದಿಂದ ಬಲಕ್ಕೆ ತಳ್ಳುತ್ತಿತ್ತು. ನಳಿಗೆ ಬಿಸಿಯಾದ ಹಾಗೆ ಒತ್ತಡ ಬದಲಾಗಿ ಗುಂಡುಗಳು ಬಲಕ್ಕೆ ನಡೆಯುತ್ತಿದ್ದವು.

ಸರಿ ಮಾಡಿದ ಬಗೆ ಹೇಳುತ್ತೇನೆ. ಬಿಚ್ಚುವ ಮೊದಲು ಇನ್ನೊಂದು ಪರೀಕ್ಷೆ. ಬೋಲ್ಟ್ ತೆಗೆದು, ರೈಫಲನ್ನು ನೆಟ್ಟಗೆ ನಿಲ್ಲಿಸಿ, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಮರದ ಮುಂತುದಿಗೂ ನಳಿಗೆಗೂ ಸೇರಿಸಿ ಹಿಡಿಯಿರಿ. ಬಲಗೈಯಲ್ಲಿ ಮುಂದಿನ ಸ್ಕ್ರೂ ಮೆಲ್ಲಗೆ ಸಡಿಲಿಸಿ. ಬೆರಳಿಗೆ ಏನೂ ಗೊತ್ತಾಗದಿದ್ದರೆ ಕೂರಿಕೆ ಚೆನ್ನಾಗಿದೆ. ನಳಿಗೆ ಟಣ್ ಅಂತ ಎದ್ದ ಹಾಗೆ ಆದರೆ ಸ್ಕ್ರೂ ಇಷ್ಟು ದಿನ ಅದನ್ನು ಬಗ್ಗಿಸಿ ಹಿಡಿದಿತ್ತು ಅಂತ ಅರ್ಥ. ಬೆರಳ ತುದಿಗೆ ಕೂದಲೆಳೆಯಷ್ಟು ಚಲನೆಯೂ ತಿಳಿಯುತ್ತದೆ.

ಆಮೇಲೆ ಮರವನ್ನು ಬೇರೆ ಮಾಡಿ ಒಣ ಕೋಣೆಯಲ್ಲಿ ಹತ್ತು ದಿನ ಇಟ್ಟೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಬಿಸಿಲಿಗೆ ಇಡೋಣ ಅಂತ ಮನಸ್ಸಾಯಿತು. ಹಾಗೆ ಮಾಡಬೇಡಿ. ಬಿಸಿಲಿಗೆ ಮರ ಒಂದೇ ಬದಿ ಒಣಗಿ ಇನ್ನಷ್ಟು ಬಾಗುತ್ತದೆ, ಸೀಳಲೂಬಹುದು. ಹತ್ತು ದಿನದ ಮೇಲೆ ಎಲ್ಲಿ ತಾಗುತ್ತಿದೆ ಅಂತ ನೋಡಲು ಮನೆಯವಳ ಕಾಡಿಗೆ ಡಬ್ಬಿ ತಂದೆ. ನಳಿಗೆಯ ಅಡಿಭಾಗಕ್ಕೆ ತೆಳ್ಳಗೆ ಕಾಡಿಗೆ ಸವರಿ, ಮರಕ್ಕೆ ಕೂರಿಸಿ, ಸ್ಕ್ರೂ ಬಿಗಿದು, ಮತ್ತೆ ಬಿಚ್ಚಿದೆ. ಕಾಲುವೆಯ ಎಡಗೋಡೆಯಲ್ಲಿ ಬೆರಳುಗುರಿನಷ್ಟು ಕಪ್ಪು ಕಲೆ ಬಿದ್ದಿತ್ತು. ಕೋಲಿಗೆ ಸುತ್ತಿದ ಮರಳುಕಾಗದದಿಂದ ಆ ಕಲೆಯನ್ನಷ್ಟೇ ತಿಕ್ಕಿದೆ. ಮತ್ತೆ ಕಾಡಿಗೆ, ಮತ್ತೆ ಬಿಗಿ, ಮತ್ತೆ ಬಿಚ್ಚು. ಐದನೆಯ ಸಲಕ್ಕೆ ಕಲೆ ಬೀಳಲಿಲ್ಲ. ಕೊನೆಗೆ ಒಳಗಿನ ಬರೀ ಮರಕ್ಕೆ ಎರಡು ಸಲ ವಾರ್ನಿಶ್ ಕೊಟ್ಟೆ. ಇದನ್ನು ಮರೆತರೆ ಮುಂದಿನ ಮಳೆಗೆ ಮತ್ತೆ ಇದೇ ಕತೆ.

ಎಚ್ಚರಿಕೆ ಒಂದಿದೆ. ಕೆಲವು ಹಳೆಯ ರೈಫಲ್‌ಗಳಲ್ಲಿ ಮರದ ಮುಂತುದಿ ನಳಿಗೆಯನ್ನು ಬೇಕೆಂದೇ ಒತ್ತುವ ಹಾಗೆ ಮಾಡಿರುತ್ತಾರೆ. ಅಂಥದ್ದನ್ನು ತಿಕ್ಕಿ ತೆಗೆದರೆ ಇದ್ದ ಗುರಿಯೂ ಹೋಗುತ್ತದೆ. ಎರಡೂ ಬದಿಗೆ ಸಮನಾಗಿ, ಕೆಳಗಿನಿಂದ ಮಾತ್ರ ತಾಗುತ್ತಿದ್ದರೆ ಕೈ ಹಚ್ಚುವ ಮೊದಲು ತಿಳಿದವರನ್ನು ಕೇಳಿ. ಟ್ರಿಗರ್, ಚೇಂಬರ್, ನಳಿಗೆ ಇವುಗಳ ರಿಪೇರಿಯಂತೂ ಮನೆಯಲ್ಲಿ ಬೇಡ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ ಅದು. ಕಾನೂನೂ ಹಾಗೇ ಹೇಳುತ್ತದೆ, ಬುದ್ಧಿಯೂ ಹಾಗೇ ಹೇಳುತ್ತದೆ.

ಬೋಲ್ಟಿನೊಳಗೆ ತೆಂಗಿನೆಣ್ಣೆ

ಅದೇ ತಿಂಗಳು ಇನ್ನೊಬ್ಬ ಹುಡುಗ ಬಂದ. ಹತ್ತು ತೋಟೆಯಲ್ಲಿ ಎರಡು ಹೊಡೆಯುವುದೇ ಇಲ್ಲ, ಉಳಿದವು ಮೇಲೆ ಕೆಳಗೆ ಹೋಗುತ್ತವೆ. ತೋಟೆಯದ್ದೇ ದೋಷ ಅಂತ ಅವನ ವಾದ.

.22 ತೋಟೆಯ ರಚನೆ ಸ್ವಲ್ಪ ತಿಳಿದಿದ್ದರೆ ಇದು ಅರ್ಥವಾಗುತ್ತದೆ. ದೊಡ್ಡ ರೈಫಲ್ ತೋಟೆಗಳಲ್ಲಿ ಕಿಡಿ ಹತ್ತಿಸುವ ಕೇಪು ಹಿಂಬದಿಯ ಮಧ್ಯದಲ್ಲಿರುತ್ತದೆ. .22ರಲ್ಲಿ ಬೇರೆ ಕೇಪು ಇಲ್ಲ. ಹಿಂಬದಿಯ ಅಂಚು ಒಂದು ಸುತ್ತು ಮಡಚಿದ ಟೊಳ್ಳು, ಆ ಟೊಳ್ಳಿನೊಳಗೆ ಕಿಡಿ ಹತ್ತಿಸುವ ಮದ್ದು. ಫೈರಿಂಗ್ ಪಿನ್ ಬಂದು ಅಂಚನ್ನು ಜಜ್ಜಿದರೆ ಕಿಡಿ. ಹೊಡೆತ ಮೆತ್ತಗಾದರೆ ಕಿಡಿಯೂ ಒಂದೇ ಸಮ ಬರುವುದಿಲ್ಲ, ವೇಗವೂ ಒಂದೇ ಸಮ ಇರುವುದಿಲ್ಲ. ಅಂದರೆ ಪೂರ್ತಿ ಹೊಡೆಯದೆ ಇರುವುದೂ, ಮೇಲೆ ಕೆಳಗೆ ಹರಡುವುದೂ ಒಂದೇ ರೋಗದ ಎರಡು ಲಕ್ಷಣ ಆಗಿರಬಹುದು.

"ಖಾಲಿ ತೋಟೆ ಬಿಸಾಡಿದ್ದೀಯಾ?" ಅಂತ ಕೇಳಿದೆ. ಕಿಸೆಯಿಂದ ತೆಗೆದು ಕೊಟ್ಟ. ಒಂದರ ಅಂಚಿನಲ್ಲಿ ಪಿನ್ನಿನ ಗುರುತು ಆಳವಾಗಿತ್ತು, ಇನ್ನೊಂದರಲ್ಲಿ ಉಗುರು ತಾಗಿಸಿದ ಹಾಗೆ. ಇದು ತೋಟೆಯ ದೋಷ ಅಲ್ಲ. ಎಲ್ಲ ಗುರುತೂ ಆಳವಾಗಿ ಒಂದೇ ತರಹ ಇದ್ದೂ ಹೊಡೆಯದಿದ್ದರೆ ಆಗ ತೋಟೆಯನ್ನು ಅನುಮಾನಿಸಬಹುದು.

"ಬೋಲ್ಟಿಗೆ ಎಂತ ಹಾಕಿದ್ದಿ?"

"ತುಕ್ಕು ಹಿಡಿಯಬಾರದು ಅಂತ ಅಮ್ಮ ತೆಂಗಿನೆಣ್ಣೆ ಕೊಟ್ರು ಮಾಷ್ಟ್ರೇ."

ನಮ್ಮ ಊರಿನಲ್ಲಿ ತಲೆಗೂ ತೆಂಗಿನೆಣ್ಣೆ, ದೋಸೆಗೂ ತೆಂಗಿನೆಣ್ಣೆ, ಬಾಗಿಲ ತಿರುಗಣಿಗೂ ತೆಂಗಿನೆಣ್ಣೆ. ಕೋವಿಗೆ ಮಾತ್ರ ಬೇಡ. ಹಳತಾದ ಹಾಗೆ ಕಮಟಾಗಿ ಅಂಟಂಟಾಗುತ್ತದೆ, ಧೂಳು ಹಿಡಿಯುತ್ತದೆ, ಧನುರ್ಮಾಸದ ಬೆಳಗಿನ ಚಳಿಗೆ ಬೆಣ್ಣೆಯ ಹಾಗೆ ಗಟ್ಟಿಯೂ ಆಗುತ್ತದೆ. ಬೋಲ್ಟ್ ಬಿಚ್ಚಿದಾಗ ಸ್ಪ್ರಿಂಗ್ ಸುತ್ತ ಕಂದು ಬಣ್ಣದ ಜೋನಿಬೆಲ್ಲದಂಥ ಅಂಟು. ಅದರಲ್ಲಿ ಈಜಿಕೊಂಡು ಪಿನ್ ಎಷ್ಟು ಜೋರಾಗಿ ಹೊಡೆದೀತು?

ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿಸಿ, ತೆಳ್ಳನೆಯ ಗನ್ ಆಯಿಲ್ ಒಂದೇ ಹನಿ. ಬೋಲ್ಟಿನ ಒಳಗೆ ಹೊಳೆಯುವಷ್ಟು ಎಣ್ಣೆ ಇದ್ದರೆ ಅದೇ ಜಾಸ್ತಿ. ಎಕ್ಸ್‌ಟ್ರಾಕ್ಟರ್ ಅನ್ನುವ, ಖಾಲಿ ತೋಟೆ ಹೊರಗೆಳೆಯುವ ಕೊಕ್ಕೆಯ ಅಡಿಯಲ್ಲಿ ಕಟ್ಟಿದ ಮಸಿಯನ್ನು ಹಲ್ಲುಕಡ್ಡಿಯಿಂದ ಕೆರೆದೆವು. ಬೋಲ್ಟಿನ ಮುಖ ಒರೆಸಿದೆವು. ಮುಂದಿನ ಐವತ್ತು ತೋಟೆಯಲ್ಲಿ ಒಂದೂ ತಪ್ಪಲಿಲ್ಲ. ಇಷ್ಟು ಮಾಡಿಯೂ ಗುರುತು ಮೇಲುಮೇಲಿಗೇ ಇದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಪಿನ್ನಿನ ತುದಿ ಸವೆದಿದೆ, ಬದಲಿಸಬೇಕು.

ಹೊಡೆಯದ ತೋಟೆಯ ವಿಷಯದಲ್ಲಿ ಅವಸರ ಬೇಡ. ನಳಿಗೆ ಟಾರ್ಗೆಟ್ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆರೆಯಿರಿ. ಸದ್ದು ಮಾಮೂಲಿಗಿಂತ ಸಣ್ಣಗೆ ಟುಸ್ ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಜೀವಂತ ತೋಟೆ ಚೇಂಬರಿನಲ್ಲಿ ಸಿಕ್ಕಿಕೊಂಡರೆ ಮುಂದಿನಿಂದ ರಾಡ್ ಹಾಕಿ ಕುಟ್ಟಬೇಡಿ. ರೇಂಜ್ ಅಧಿಕಾರಿಯನ್ನು ಕರೆಯಿರಿ.

ಖಾಲಿ ಟ್ರಿಗರ್ ಒತ್ತಿ ಅಭ್ಯಾಸ ಮಾಡುವವರಿಗೂ ಒಂದು ಮಾತು. ಕೆಲವು .22ಗಳಲ್ಲಿ ತೋಟೆ ಇಲ್ಲದೆ ಹೊಡೆದರೆ ಪಿನ್ ನೇರ ಚೇಂಬರಿನ ಅಂಚಿಗೆ ಬಡಿಯುತ್ತದೆ. ಅಲ್ಲಿ ಸಣ್ಣ ಗಂಟು ಏಳುತ್ತದೆ, ಆಮೇಲೆ ತೋಟೆ ಒಳಗೆ ಹೋಗಲು ಹಟ ಮಾಡುತ್ತದೆ. ನಿಮ್ಮ ರೈಫಲಿನ ಪುಸ್ತಕ ನೋಡಿ. ಬೇಡ ಅಂತಿದ್ದರೆ ಸ್ನ್ಯಾಪ್ ಕ್ಯಾಪ್, ಅಂದರೆ ಅಭ್ಯಾಸದ ನಕಲಿ ತೋಟೆ, ಹಾಕಿಕೊಳ್ಳಿ.

ತೋಟೆ

ದೊಡ್ಡ ನಳಿಗೆಯ ರೈಫಲಿನವರು ಮದ್ದು, ಗುಂಡು ತಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳಬಹುದು. .22ರಲ್ಲಿ ಆ ದಾರಿ ಇಲ್ಲ. ಪೆಟ್ಟಿಗೆಯಲ್ಲಿ ಬಂದದ್ದೇ ಪ್ರಸಾದ. 1887ರಲ್ಲಿ ಬಂದ .22 ಲಾಂಗ್ ರೈಫಲ್ ತೋಟೆಯ ರೂಪ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಸೀಸದ ಗುಂಡು, 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ, ಹೊರಗೆ ಮೇಣ ಅಥವಾ ಗ್ರೀಸಿನ ಲೇಪ. ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್ ಕಂಚು ಗೆದ್ದದ್ದೂ ಈ .22ರಲ್ಲೇ. ಅವರು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯವರು. ಆ ಪದಕದ ನಂತರ ನಮ್ಮ ಹುಡುಗರೆಲ್ಲ ವಿದೇಶಿ ತೋಟೆ ಬೇಕು ಅಂತ ಕುಣಿದರು.

ದುಬಾರಿ ತೋಟೆಯೇ ನಿಮ್ಮ ರೈಫಲಿಗೆ ಒಗ್ಗಬೇಕು ಅಂತೇನಿಲ್ಲ. ಒಂದೇ ಕಂಪನಿ, ಒಂದೇ ಹೆಸರು, ಬೇರೆ ಲಾಟ್ ಆದರೂ ಗುಂಪು ಬದಲಾಗುತ್ತದೆ. ಎರಡು ಮೂರು ಬಗೆಯ ಸ್ಟ್ಯಾಂಡರ್ಡ್ ವೆಲಾಸಿಟಿ (ಶಬ್ದಕ್ಕಿಂತ ನಿಧಾನದ) ತೋಟೆ ಸ್ವಲ್ಪ ಸ್ವಲ್ಪ ತಂದು ಹೊಡೆದು ನೋಡಿ. ಒಗ್ಗಿದ್ದು ಸಿಕ್ಕಿದರೆ ಅದೇ ಲಾಟ್ ನಂಬರಿನದ್ದನ್ನು ಲೈಸೆನ್ಸ್ ಅನುಮತಿಸಿದಷ್ಟು ತಂದಿಟ್ಟುಕೊಳ್ಳಿ. ಹೈ ವೆಲಾಸಿಟಿ ತೋಟೆ ಹೊರಡುವಾಗ ಶಬ್ದಕ್ಕಿಂತ ವೇಗ, ದಾರಿಯಲ್ಲಿ ಶಬ್ದದ ವೇಗಕ್ಕೆ ಇಳಿಯುತ್ತದೆ. ಆ ಗಡಿ ದಾಟುವಾಗ ಗುಂಡು ಅಲುಗಾಡುತ್ತದೆ. ಅದಕ್ಕೇ ಟಾರ್ಗೆಟ್ ತೋಟೆಗಳು ಶಬ್ದಕ್ಕಿಂತ ನಿಧಾನ.

ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಿದಾಗ ಮೊದಲ ಹತ್ತು ಹದಿನೈದು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಳೆಯ ಮೇಣದ ಲೇಪ ಹೋಗಿ ಹೊಸದು ಕೂರಬೇಕು. ಸಿಟ್ಟಿನ ದಿನ ನಾನು ಐದೈದು ಗುಂಡಿಗೆ ತೋಟೆ ಬದಲಿಸಿದ್ದೆನಲ್ಲ, ಆ ಪರೀಕ್ಷೆಗೆ ಮೂರು ಕಾಸಿನ ಬೆಲೆ ಇಲ್ಲ. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಪೆಟ್ಟಿಗೆಯನ್ನು ಕಾರಿನೊಳಗೆ ಬಿಡಬೇಡಿ, ಲೇಪ ಕರಗಿ ಒಂದು ಬದಿಗೆ ಇಳಿಯುತ್ತದೆ. ಮರಳಿಗೆ ಬಿದ್ದ ತೋಟೆಯನ್ನು ಒರೆಸಿ ಹಾಕುವ ಜಿಪುಣತನವೂ ಬೇಡ.

ನಳಿಗೆ ಉಜ್ಜುವ ಹುಚ್ಚು

ಎನ್‌ಸಿಸಿ ಮಕ್ಕಳಿಗೆ ಫೈರಿಂಗ್ ಮಾಡಿಸುತ್ತಿದ್ದ ಕಾಲದಲ್ಲಿ ನಳಿಗೆ ಕನ್ನಡಿಯ ಹಾಗೆ ಹೊಳೆಯಬೇಕು ಅಂತ ನನಗೂ ಹುಚ್ಚಿತ್ತು. ಈಗ ಇಲ್ಲ. .22ರ ಗುಂಡು ಮೆತ್ತಗಿನ ಸೀಸ, ಅದು ನಳಿಗೆಯನ್ನು ಅಷ್ಟಾಗಿ ಸವೆಸುವುದಿಲ್ಲ. ಸವೆಸುವುದು ನಮ್ಮ ರಾಡು. ತುಂಡು ತುಂಡು ಜೋಡಿಸುವ ರಾಡಿನ ಜೋಡಣೆಗಳು ಒಳಗೆ ಗೀರುತ್ತವೆ. ಮುಂದಿನಿಂದ ರಾಡ್ ತುರುಕಿದರೆ ನಳಿಗೆಯ ಬಾಯಂಚು ಒಂದು ಬದಿಗೆ ಸವೆಯುತ್ತದೆ. ಗುಂಡು ನಳಿಗೆಯನ್ನು ಬಿಡುವ ಕಟ್ಟಕಡೆಯ ಜಾಗ ಅದು. ಅಲ್ಲಿ ಸೊಟ್ಟ ಆದರೆ ಹಿಂದೆ ಎಷ್ಟು ಸರಿ ಇದ್ದರೂ ವ್ಯರ್ಥ.

ಒಂದೇ ತುಂಡಿನ, ಹೊದಿಕೆ ಇರುವ ರಾಡ್ ತನ್ನಿ. ಬೋಲ್ಟ್ ತೆಗೆದು ಹಿಂದಿನಿಂದ ಹಾಕಿ. ನಾನು 250ರಿಂದ 300 ಗುಂಡಿಗೊಮ್ಮೆ ಸಾಲ್ವೆಂಟ್ (ಮಸಿ ಕರಗಿಸುವ ದ್ರವ) ಹಚ್ಚಿದ ಬಟ್ಟೆ ತುಂಡು ಎರಡು, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆ ನಾಲ್ಕೈದು, ಅಷ್ಟೇ. ಕಂಚಿನ ಬ್ರಷ್ ಹಾಕುವುದು ಅಪರೂಪಕ್ಕೆ. ಸ್ವಚ್ಛ ಮಾಡಿದ ಮೇಲೆ ಮತ್ತೆ ಹತ್ತು ಹದಿನೈದು ಗುಂಡು ಹೊಡೆದ ನಂತರವೇ ಗುಂಪು ಹದಕ್ಕೆ ಬರುತ್ತದೆ. ಹಾಗಾಗಿ ಸ್ಪರ್ಧೆಯ ಬೆಳಗ್ಗೆ ನಳಿಗೆ ತೊಳೆಯುವವರನ್ನು ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತದೆ.

ಒಂದು ಜಾಗ ಮಾತ್ರ ಉಪೇಕ್ಷೆ ಮಾಡಬೇಡಿ. ಚೇಂಬರ್ ಮುಗಿದು, ಗುಂಡನ್ನು ತಿರುಗಿಸುವ ನಳಿಗೆಯ ಗೆರೆಗಳು ಶುರುವಾಗುವಲ್ಲಿ ಮಸಿಯ ಗಟ್ಟಿ ಉಂಗುರ ಕಟ್ಟುತ್ತದೆ, ಬಳೆಯ ಹಾಗೆ. ತೋಟೆ ಕೂರಿಸುವಾಗ ಕೊನೆಯಲ್ಲಿ ಬಿಗಿ ಅನ್ನಿಸುವುದು, ನಾಲ್ಕು ಗುಂಡು ಒಟ್ಟಿಗೆ ಬಿದ್ದು ಐದನೆಯದು ಯಾವ ಕಾರಣವೂ ಇಲ್ಲದೆ ದೂರ ಹೋಗುವುದು ಇದರ ಗುರುತು. ಅಲ್ಲಿಗೆ ಸಾಲ್ವೆಂಟ್ ಹಾಕಿ ಕಾಲು ಗಂಟೆ ನೆನೆಯಲು ಬಿಟ್ಟು, ಬ್ರಷ್ಷನ್ನು ಅಷ್ಟು ಜಾಗದಲ್ಲಿ ಮಾತ್ರ ಆಡಿಸಿ. ಮೊಳೆ, ಚಾಕು, ಸ್ಕ್ರೂ ಡ್ರೈವರ್ ಯಾವುದನ್ನೂ ತುರುಕಬೇಡಿ.

ಬಾಯಂಚು ಪರೀಕ್ಷಿಸಲು ಕಿವಿಗೆ ಹಾಕುವ ಹತ್ತಿಕಡ್ಡಿ ಸಾಕು. ನಳಿಗೆಯ ಬಾಯಿಯೊಳಗಿಂದ ಹೊರಕ್ಕೆ ಸುತ್ತಲೂ ಮೆಲ್ಲಗೆ ಎಳೆಯಿರಿ. ಹತ್ತಿಯ ಎಳೆ ಸಿಕ್ಕಿಕೊಂಡ ಜಾಗದಲ್ಲಿ ಗಾಯ ಇದೆ. ಅದನ್ನು ಸರಿಮಾಡುವುದು ರಿಪೇರಿಯವರ ಕೆಲಸ, ಕಷ್ಟದ್ದೇನಲ್ಲ.

ಇನ್ನೊಂದು ನಮ್ಮ ಊರಿನ ವಿಶೇಷ, ಕಣಜದ ಹುಳ. ಮೂಲೆಯಲ್ಲಿ ನಿಲ್ಲಿಸಿದ ಕೋವಿಯ ಬಾಯಿ ಅದಕ್ಕೆ ಮಣ್ಣಿನ ಗೂಡು ಕಟ್ಟಲು ಹೇಳಿ ಮಾಡಿಸಿದ ಜಾಗ. ಕೆಲವು ದಿನ ಮುಟ್ಟದ ರೈಫಲನ್ನು ಹೊಡೆಯುವ ಮೊದಲು ಬೋಲ್ಟ್ ತೆಗೆದು, ಹಿಂದಿನಿಂದ ಬೆಳಕಿಗೆ ಹಿಡಿದು, ಆಚೆ ಬದಿ ಕಾಣುತ್ತದಾ ಅಂತ ನೋಡಲೇಬೇಕು. ಇದು ಗುರಿಯ ಪ್ರಶ್ನೆಯಲ್ಲ, ಮುಖ ಉಳಿಸಿಕೊಳ್ಳುವ ಪ್ರಶ್ನೆ.

ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಸೀಸ ವಿಷ. ರೇಂಜಿನಿಂದ ಬಂದವರೇ ಎಲೆಯಡಿಕೆ ತಟ್ಟೆಗೆ ಕೈ ಹಾಕುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ, ನನಗೂ ಇತ್ತು.

ಸ್ಕೋಪ್ ಮತ್ತು ಗಾಳಿ

ಸ್ಕೋಪಿನ ವಿಷಯ ಬೇಗ ಮುಗಿಸುತ್ತೇನೆ. ದೊಡ್ಡ ರೈಫಲ್‌ಗೆ ಮಾಡಿದ ಸ್ಕೋಪ್ ನೂರು ಮೀಟರಿನ ಆಸುಪಾಸಿಗೆ ಹೊಂದಿಸಿರುತ್ತದೆ. 50 ಮೀಟರಿನಲ್ಲಿ ಕಣ್ಣು ಸ್ವಲ್ಪ ಆಚೀಚೆ ಆದರೂ ಗುರಿ ಸರಿದ ಹಾಗೆ ಕಾಣುತ್ತದೆ. ರೈಫಲನ್ನು ಚೀಲದ ಮೇಲೆ ಅಲುಗದಂತೆ ಇಟ್ಟು, ಮುಟ್ಟದೆ, ತಲೆಯನ್ನು ಮಾತ್ರ ಮೇಲೆ ಕೆಳಗೆ ಮಾಡಿ ನೋಡಿ. ಅಡ್ಡಗೆರೆ ಟಾರ್ಗೆಟ್ ಮೇಲೆ ಓಡಾಡಿದರೆ ದೋಷ ಅದೇ. ಹೊಂದಿಸುವ ತಿರುಗಣಿ ಇದ್ದರೆ ಹೊಂದಿಸಿ, ಇಲ್ಲದಿದ್ದರೆ ಕೆನ್ನೆಯನ್ನು ಪ್ರತಿ ಸಲ ಒಂದೇ ಜಾಗಕ್ಕೆ ಒತ್ತುವುದನ್ನು ಕಲಿಯಿರಿ.

ಗಾಳಿಯನ್ನು ನಾವು ತುಂಬಾ ಹಗುರವಾಗಿ ನೋಡುತ್ತೇವೆ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ, ಅಂದರೆ ತೆಂಗಿನ ಗರಿ ಸದಾ ಆಡುವಷ್ಟು, 50 ಮೀಟರಿನಲ್ಲಿ .22 ಗುಂಡನ್ನು ಎರಡು ಸೆಂಟಿಮೀಟರಿಗೂ ಹೆಚ್ಚು ತಳ್ಳುತ್ತದೆ. ಬರೀ ಅಡ್ಡಕ್ಕೂ ಅಲ್ಲ. ಬಲಕ್ಕೆ ತಿರುಗುವ ಗೆರೆಗಳಿರುವ ನಳಿಗೆಯಲ್ಲಿ ಬಲಗಾಳಿಗೆ ಗುಂಡು ಎಡಕ್ಕೆ, ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಎಡಗಾಳಿಗೆ ಬಲಕ್ಕೆ, ಸ್ವಲ್ಪ ಕೆಳಕ್ಕೆ. ಗಡಿಯಾರದ ಹತ್ತು ಗಂಟೆಯಿಂದ ನಾಲ್ಕು ಗಂಟೆಗೆ ಗೆರೆ ಎಳೆದ ಹಾಗೆ ತೂತುಗಳು ಬಿದ್ದಿದ್ದರೆ ರೈಫಲಿನ ತಪ್ಪೇನೂ ಇಲ್ಲ. ನಮ್ಮಲ್ಲಿ ಹತ್ತು ಹನ್ನೊಂದು ಗಂಟೆಯ ಮೇಲೆ ಪಡುಗಾಳಿ ಸಮುದ್ರದಿಂದ ಏರುತ್ತದೆ. ದೋಷ ಹುಡುಕುವ ಕೆಲಸವನ್ನೆಲ್ಲ ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ಮುಗಿಸಿ.

ಇಡುವ ಬಗೆ

ನನ್ನ ಅಜ್ಜನ ಕೇಪಿನ ಕೋವಿ ಅಡುಗೆಮನೆಯ ಅಟ್ಟದ ಪಕ್ಕ ಇರುತ್ತಿತ್ತು. ಒಲೆಯ ಬಿಸಿಗೆ ಮಳೆಗಾಲದಲ್ಲೂ ಅಲ್ಲಿ ಒಣಗಾಳಿ. ಈಗ ಗ್ಯಾಸ್ ಒಲೆ, ಅಟ್ಟವೂ ಇಲ್ಲ. ಬೀಗ ಹಾಕಿದ ಕಬ್ಬಿಣದ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ಸ್ಪಂಜು ಇರುವ ಚೀಲದಲ್ಲಿ ರೈಫಲ್ ಇಟ್ಟು ಮರೆಯಬೇಡಿ. ಸ್ಪಂಜು ತೇವ ಹೀರಿ ಕಬ್ಬಿಣಕ್ಕೆ ಅಂಟಿಸಿ ಹಿಡಿಯುತ್ತದೆ. ರೇಂಜಿಗೆ ಒಯ್ಯಲು ಮಾತ್ರ ಚೀಲ.

ಚುನಾವಣೆ ಬಂದಾಗ ಕೋವಿ ಠೇವಣಿ ಇಡಬೇಕಾಗುತ್ತದೆ, ನಿಮಗೆಲ್ಲ ಗೊತ್ತಿದ್ದದ್ದೇ. 2024ರಲ್ಲಿ ನೀತಿಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ ಜೂನ್ ಮೊದಲ ವಾರಕ್ಕೆ ಮುಗಿಯಿತು. ಕೈಗೆ ಬರುವಾಗ ಮಳೆ ಹಿಡಿದಿತ್ತು. ಒಣ ನಳಿಗೆಯನ್ನೇ ಕೊಟ್ಟು ಬಂದಿದ್ದೆ, ಬರುವಾಗ ಕೆಂಪು ಪುಡಿ ಇತ್ತು. ತಪ್ಪು ನನ್ನದೇ. ಈಗ ಕೊಡುವ ಹಿಂದಿನ ದಿನ ಒಳಗೂ ಹೊರಗೂ ಎಣ್ಣೆ ಸವರಿ ಕೊಡುತ್ತೇನೆ. ವಾಪಸು ಬಂದ ಮೇಲೆ ಹೊಡೆಯುವ ಮೊದಲು ಒಳಗಿನ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯುತ್ತೇನೆ.

ಮರ ಸರಿಮಾಡುವಾಗ ನಳಿಗೆಯ ಮೇಲೆ ಇನ್ನೊಂದು ಗುರುತು ಕಣ್ಣಿಗೆ ಬಿತ್ತು. ಮೂರು ಅಡ್ಡಗೆರೆ, ನಡುವೆ ಒಂದು ಬೊಟ್ಟು, ತುಕ್ಕಿನಲ್ಲೇ ಬರೆದ ಹಾಗೆ. ಹಿಂದಿನ ವರ್ಷ ಆಯುಧ ಪೂಜೆಗೆ ಇಟ್ಟ ಗಂಧ, ಕುಂಕುಮ. ಒದ್ದೆ ಗಂಧವನ್ನು ಒರೆಸದೆ ಕಪಾಟಿಗೆ ಸೇರಿಸಿದ್ದೆ. ತೆಳ್ಳನೆಯ ಉಕ್ಕಿನ ನಾರಿಗೆ ಎಣ್ಣೆ ಹಾಕಿ ತಿಕ್ಕಿದೆ, ತುಕ್ಕು ಹೋಯಿತು, ಕಲೆ ಮಾತ್ರ ಉಳಿಯಿತು. ಈ ಸಲ ಪೂಜೆಯ ದಿನ ಮನೆಯವಳು ಗಂಧದ ಬಟ್ಟಲು ಹಿಡಿದು ಬಂದಾಗ ರೈಫಲನ್ನು ಮಗುಚಿ ಮರದ ಹಿಡಿಯ ಕಡೆ ತೋರಿಸಿದೆ.